ಶಾಸನಪಾಠ: ಪ್ರೌಢಶಾಲೆಯಲ್ಲಿ ಊರ ಇತಿಹಾಸ

ಶಾಲೆಯ ಪಠ್ಯಪುಸ್ತಕವು ಕರ್ನಾಟಕದ ಇತಿಹಾಸವನ್ನು ಕದಂಬರಿಂದ ಮೈಸೂರಿನ ಒಡೆಯರವರೆಗೆ ರಾಜಮನೆತನಗಳ ಸಾಲಾಗಿ ಹೇಳುತ್ತದೆಯಾದರೂ, ವಿದ್ಯಾರ್ಥಿ ದಿನವೂ ಹಾದುಹೋಗುವ ಕೆರೆಯ ಏರಿಗೂ ಗುಡಿಯ ಹಿಂದೆ ಒರಗಿ ನಿಂತ ವೀರಗಲ್ಲಿಗೂ ಆ ಸಾಲಿನಲ್ಲಿ ಜಾಗ ಸಿಗುವುದು ಅಪರೂಪ. ಅವುಗಳ ಕುರಿತ ಸಾಮಗ್ರಿ ಬಹುಪಾಲು ಇರುವುದು ಇತಿಹಾಸ ಸಂಘಗಳ ಗ್ರಂಥಾಲಯಗಳಲ್ಲಿ. ಸರ್ಕಾರದ ಇಲಾಖೆಯಾಗಿರದೆ ಸದಸ್ಯರ ಆಸಕ್ತಿ, ಚಂದಾ ಮತ್ತು ದಾನದ ಬಲದಿಂದ ನಡೆಯುವ ವಿದ್ವತ್ ಸಂಸ್ಥೆಯನ್ನು ಇಲ್ಲಿ ಇತಿಹಾಸ ಸಂಘವೆಂದು ಕರೆಯಲಾಗಿದೆ. 1909ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡು ಇಂದಿಗೂ ನೃಪತುಂಗ ರಸ್ತೆಯ ಡೇಲಿ ಸ್ಮಾರಕ ಭವನದಲ್ಲಿ ನಡೆಯುತ್ತಿರುವ ಮಿಥಿಕ್ ಸೊಸೈಟಿಯೂ, ‘ಇತಿಹಾಸ ದರ್ಶನ’ವೆಂಬ ಸಂಪುಟಗಳನ್ನು ಹೊರತರುತ್ತಿರುವ ಕರ್ನಾಟಕ ಇತಿಹಾಸ ಅಕಾಡೆಮಿಯೂ ಇದಕ್ಕೆ ನಿದರ್ಶನಗಳು. ಬೆಂಗಳೂರಿನ ಪ್ರೌಢಶಾಲೆಯೊಂದರಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗಳಿಗೆ ಕೆಲವು ವರ್ಷ ಇಂಥ ಸಾಮಗ್ರಿಯನ್ನು ಬಳಸಿ ಸಮಾಜ ವಿಜ್ಞಾನದ ಪಾಠ ನಡೆಸಿದ ಅನುಭವವೇ ಈ ಬರಹದ ಆಧಾರ.

ಮೊದಲ ವರ್ಷ ನಡೆದ ಪ್ರಮಾದವೆಂದರೆ ಇಡೀ ತರಗತಿಯನ್ನು ಬಸ್ಸಿನಲ್ಲಿ ಕೂರಿಸಿಕೊಂಡು ನೇರವಾಗಿ ಗ್ರಂಥಾಲಯಕ್ಕೆ ಕರೆದೊಯ್ದದ್ದು. ಅಲ್ಲಿ ಮಕ್ಕಳ ಮುಂದೆ ತೆರೆದಿಟ್ಟ ಗ್ರಂಥ ಸಾಮಾನ್ಯವಾದುದೇನಲ್ಲ: ಬಿ. ಎಲ್. ರೈಸರು ಹಳೆಯ ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ, 1886ರಿಂದ ಸುಮಾರು ಎರಡು ದಶಕಗಳ ಅವಧಿಯಲ್ಲಿ 12 ಸಂಪುಟಗಳಾಗಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಬೆಂಗಳೂರು ಜಿಲ್ಲೆಯ ಸಂಪುಟ ಅದು. ತಾಲ್ಲೂಕುವಾರು ಕ್ರಮಸಂಖ್ಯೆ ಕೊಟ್ಟು, ಶಾಸನದ ಮೂಲಪಾಠ, ರೋಮನ್ ಲಿಪಿಯ ರೂಪ, ಇಂಗ್ಲಿಷ್ ಅನುವಾದ ಇವನ್ನು ಬೇರೆ ಬೇರೆ ಭಾಗಗಳಲ್ಲಿ ಜೋಡಿಸಿರುವ ಈ ಗ್ರಂಥವನ್ನು ಸಂಶೋಧಕರು ಕಣ್ಣಿಗೊತ್ತಿಕೊಳ್ಳುತ್ತಾರೆ. ಆದರೆ ಕಲ್ಲನ್ನೇ ನೋಡಿರದ ಹದಿಮೂರರ ವಯಸ್ಸಿನ ಹುಡುಗನಿಗೆ ಅದು ಇನ್ನೊಂದು ದಪ್ಪ ಪುಸ್ತಕವಷ್ಟೇ ಆಗಿ ಕಂಡಿತು, ಮತ್ತು ಆ ದಿನ ಮಕ್ಕಳ ನೆನಪಿನಲ್ಲಿ ಉಳಿದದ್ದು ಹಿಂದಿರುಗುವಾಗ ಕಬ್ಬನ್ ಪಾರ್ಕಿನಲ್ಲಿ ತಿಂದ ಚುರುಮುರಿ. ಮುಂದಿನ ವರ್ಷ ಕ್ರಮವನ್ನು ತಿರುಗಿಸಿ, ಮೊದಲು ಬಡಾವಣೆಯ ಕಲ್ಲು, ಅನಂತರ ಅದರ ಕುರಿತು ಪುಸ್ತಕ ಹೇಳುವುದೇನೆಂಬ ಹುಡುಕಾಟ, ಕೊನೆಗೆ ಗ್ರಂಥಾಲಯ ಎಂದು ಗೊತ್ತುಮಾಡಿದ ಮೇಲೆ ಅದೇ ಸಂಪುಟಕ್ಕೆ ಮಕ್ಕಳು ಪರಸ್ಪರ ನೂಕಾಡುವಂತಾಯಿತು.

ಕಲ್ಲಿನ ಎದುರು ನಿಂತಾಗ ಕಲಿಸುವವರು ಮೊದಲು ತಾವೇ ಕೆಲವು ಅಭ್ಯಾಸಗಳನ್ನು ಬಿಡಬೇಕಾಗುತ್ತದೆ. ಸವೆದ ಅಕ್ಷರಗಳು ಕಾಣಲೆಂದು ಸೀಮೆಸುಣ್ಣ ತಿಕ್ಕುವುದು, ಹಿಟ್ಟು ಸವರುವುದು ಹಳೆಯ ರೂಢಿ. ಈ ಶಾಲೆಯ ಮೊದಲ ಪ್ರವಾಸದಲ್ಲೂ ಅದೇ ನಡೆದು, ಸುಣ್ಣದ ಪುಡಿ ಅಕ್ಷರದ ಕೊರೆತದೊಳಗೆ ಕೂತು, ಮುಂದಿನ ತಂಡಕ್ಕೆ ಅಕ್ಷರ ಯಾವುದು, ತಿಕ್ಕಿದವರ ಊಹೆ ಯಾವುದು ಎಂಬುದೇ ತಿಳಿಯದಂತಾಯಿತು. ಇದಕ್ಕಿಂತ ಸರಳವೂ ನಿರಪಾಯಕರವೂ ಆದ ಉಪಾಯವೆಂದರೆ ಓರೆ ಬೆಳಕು: ಸಂಜೆ ಬಿಸಿಲು ಇಳಿದ ಮೇಲೆ ಮೊಬೈಲ್ ಫೋನಿನ ಟಾರ್ಚನ್ನು ಕಲ್ಲಿನ ಮೈಗೆ ಸಮೀಪವಾಗಿ, ಪಕ್ಕದಿಂದ ಬೆಳಕು ಜಾರುವಂತೆ ಹಿಡಿದರೆ ಪ್ರತಿ ಕೊರೆತದ ಒಂದು ಅಂಚಿನಲ್ಲಿ ನೆರಳು ಕೂತು, ಹಗಲಲ್ಲಿ ಬರಿಯ ಒರಟು ಕಲ್ಲಾಗಿ ಕಂಡದ್ದು ಸಾಲುಸಾಲಾಗಿ ಎದ್ದು ನಿಲ್ಲುತ್ತದೆ. ಮಿಥಿಕ್ ಸೊಸೈಟಿಯು ಈಚಿನ ವರ್ಷಗಳಲ್ಲಿ ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನಿಂಗ್ ಮೂಲಕ ದಾಖಲಿಸುತ್ತಿರುವುದನ್ನೂ ತೋರಿಸಿಕೊಟ್ಟಾಗ, ತಂತ್ರಜ್ಞಾನದ ಹೆಸರು ಕೇಳಿದರೆ ಮಾತ್ರ ಕಿವಿ ನಿಮಿರಿಸುವ ಹುಡುಗರೂ ಶಾಸನದ ಕಡೆಗೆ ತಿರುಗಿದರು.

ಹೆಬ್ಬಾಳದ ಕಿತ್ತಯ್ಯನ ಶಾಸನ ಪಾಠಕ್ಕೆ ಒದಗಿದಷ್ಟು ಬೇರಾವುದೂ ಒದಗಲಿಲ್ಲ. ಗಂಗ ಅರಸ ಶ್ರೀಪುರುಷನ ಕಾಲದ, ಸುಮಾರು 750ರದೆಂದು ವಿದ್ವಾಂಸರು ನಿರ್ಧರಿಸಿರುವ ಈ ವೀರಗಲ್ಲು, ಎಂದರೆ ಹೋರಾಡಿ ಸತ್ತವನ ನೆನಪಿಗೆ ನಿಲ್ಲಿಸಿದ ಕಲ್ಲು, 2018ರಲ್ಲಿ ಬೆಳಕಿಗೆ ಬಂದು ಈಗ ನಾಗರಿಕರ ನೆರವಿನಿಂದ ಕಟ್ಟಿದ ಮಂಟಪದಲ್ಲಿದೆ. ಇದರಲ್ಲಿ ಬರುವ ‘ಪೆರ್ಬೊೞಲ್ನಾಡು’ ಎಂಬ ಒಂದೇ ಮಾತಿನ ಮೇಲೆ ಎರಡು ಅವಧಿಗಳ ಪಾಠ ನಡೆಯಬಲ್ಲದು: ‘ಪೊೞಲ್’ ಎಂದರೆ ಪಟ್ಟಣ, ‘ಪೆರ್’ ಎಂದರೆ ಹಿರಿದು, ಹಳಗನ್ನಡದ ಮೊದಲ ಪಕಾರ ಮುಂದೆ ಹಕಾರವಾಗಿ ಪಾಲು ಹಾಲಾದಂತೆ, ಪುಲಿ ಹುಲಿಯಾದಂತೆ, ‘ಪೆರ್’ ‘ಹೆ’ ಆಗುತ್ತದೆ, ಬಳಕೆ ತಪ್ಪಿದ ೞಕಾರ ಅಲ್ಲಿ ಕಲ್ಲಿನ ಮೇಲೆ ಕಣ್ಣಿಗೇ ಸಿಗುತ್ತದೆ. ಕನ್ನಡದ ಪಾಠದಲ್ಲಿ ಮಕ್ಕಳು ಬಾಯಿಪಾಠ ಮಾಡಿದ್ದ ನಿಯಮವೊಂದು ತಮ್ಮ ಬಸ್ಸಿನ ಬೋರ್ಡಿನ ಮೇಲಿರುವ ಊರಿನ ಹೆಸರಿನೊಳಗೇ ಅಡಗಿದೆಯೆಂದು ತಿಳಿದಾಗ ಆದ ಬೆರಗಿಗೆ ಯಾವ ಪ್ರೊಜೆಕ್ಟರೂ ಸಾಟಿಯಾಗಲಾರದು. ಸಮಾಜ ವಿಜ್ಞಾನದ ಶಿಕ್ಷಕರೂ ಕನ್ನಡದ ಪಂಡಿತರೂ ಈ ಪಾಠವನ್ನು ಕೂಡಿ ಮಾಡಿದರೆ ಒಳಿತು. ವೇಳಾಪಟ್ಟಿ ಅದಕ್ಕೆ ಅವಕಾಶ ಕೊಡುವುದಿಲ್ಲವೆಂಬುದು ಬೇರೆ ಮಾತು.

ಬೇಗೂರಿನ ಶಾಸನದ ಪಾಠ ಇಷ್ಟು ಸಲೀಸಾಗಿರಲಿಲ್ಲ. ಅಲ್ಲಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಸುಮಾರು 890ರದೆನ್ನಲಾದ ಶಾಸನವು ಬೆಂಗಳೂರಿನ ಕಾಳಗವೊಂದನ್ನು ಹೆಸರಿಸುವುದರಿಂದ, ಹೊಯ್ಸಳ ಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟದ್ದರಿಂದ ಊರಿಗೆ ‘ಬೆಂದಕಾಳೂರು’ ಎಂಬ ಹೆಸರು ಬಂತೆಂಬ ಕಥೆ ನಿಲ್ಲುವುದಿಲ್ಲ. ಬಲ್ಲಾಳನಿಗಿಂತ ಶತಮಾನಗಳ ಹಿಂದೆಯೇ ಊರೂ ಇತ್ತು, ಹೆಸರೂ ಇತ್ತು, ಕೆಂಪೇಗೌಡರು 1537ರ ಸುಮಾರಿಗೆ ಕೋಟೆ ಪೇಟೆ ಕಟ್ಟಿಸುವ ಹೊತ್ತಿಗೆ ಅದು ಹಳೆಯ ಹೆಸರಾಗಿತ್ತು. ಇದನ್ನು ಗೆದ್ದ ಧಾಟಿಯಲ್ಲಿ ತರಗತಿಯಲ್ಲಿ ಸಾರಿದಾಗ ಮಕ್ಕಳು ಸುಮ್ಮನಾದರೇ ಹೊರತು ಒಪ್ಪಲಿಲ್ಲ, ಏಕೆಂದರೆ ಕಾಳಿನ ಕಥೆಯನ್ನು ಅವರಿಗೆ ಹೇಳಿದವರು ಮನೆಯ ಅಜ್ಜಿಯರು. ಶಿಕ್ಷಕರ ಗೆಲುವಿಗಿಂತ ಅಜ್ಜಿಯ ಮಾತು ದೊಡ್ಡದೆಂಬುದನ್ನು ಅರಿಯಲು ಒಂದು ವರ್ಷ ಬೇಕಾಯಿತು. ಆಮೇಲೆ ಕಥೆ ಸುಳ್ಳೋ ನಿಜವೋ ಎಂದು ಕೇಳುವುದನ್ನು ಬಿಟ್ಟು, ಹೆಸರಿನ ಅರ್ಥ ಮರೆತುಹೋದಾಗ ಜನ ಏಕೆ ಕಥೆ ಕಟ್ಟುತ್ತಾರೆ, ಕಥೆಯಲ್ಲಿ ಅರಸನೇ ಏಕೆ ದಾರಿ ತಪ್ಪಿ ಬಡ ಮುದುಕಿಯ ಗುಡಿಸಿಲಿಗೆ ಬರಬೇಕು ಎಂದು ಕೇಳಿದಾಗ ಚರ್ಚೆ ತಾನಾಗಿಯೇ ಬೆಳೆಯಿತು. ಕರ್ನಲ್ ಮೆಕೆಂಜಿಯ ಸಿಬ್ಬಂದಿ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಊರೂರಿನ ಹಿರಿಯರಿಂದ ಬರೆಸಿಕೊಂಡ ಕೈಫಿಯತ್ತುಗಳನ್ನು, ಎಂದರೆ ಊರಿನ ಹುಟ್ಟು ಬೆಳವಣಿಗೆಗಳ ಕುರಿತ ಹೇಳಿಕೆಗಳನ್ನು, ಓದಿಸಲು ಇದಕ್ಕಿಂತ ಒಳ್ಳೆಯ ಪೀಠಿಕೆ ಸಿಗದು, ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಕೈಫಿಯತ್ತುಗಳ ಸಂಪುಟದಲ್ಲಿ ಐತಿಹ್ಯವೂ ಲೆಕ್ಕಪತ್ರವೂ ಒಂದೇ ಪುಟದಲ್ಲಿ ಬೆರೆತು ಬರುತ್ತವೆ.

ಕಾಲಗಣನೆಯ ವಿಚಾರದಲ್ಲಿ ಮಕ್ಕಳು ನಿರೀಕ್ಷೆಗಿಂತ ಚುರುಕು. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ಸಿಗುತ್ತದೆಂಬುದನ್ನು ಬೇಗ ಹಿಡಿಯುತ್ತಾರೆ, ಆದರೆ ಸಂವತ್ಸರದ ಹೆಸರು ಮಾತ್ರ ಇರುವ ಶಾಸನ ಅವರನ್ನು ತಡೆದು ನಿಲ್ಲಿಸುತ್ತದೆ. ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ 2025ರ ಯುಗಾದಿಯಿಂದ ವಿಶ್ವಾವಸು ಎಂದಿದ್ದುದನ್ನು ನೋಡಿಬಂದು, ಅದೇ ವಿಶ್ವಾವಸು ಅದಕ್ಕೂ 60 ವರ್ಷಗಳ ಹಿಂದೆ 1965ರಲ್ಲೂ ಬಂದಿತ್ತೆಂದು ಎಣಿಸಿದ ಮೇಲೆ, ಬರಿಯ ಸಂವತ್ಸರದಿಂದ ಕಾಲ ನಿರ್ಣಯವಾಗದೆಂಬುದು ಅವರಿಗೇ ಹೊಳೆಯಿತು. ಅಕ್ಷರದ ಆಕಾರ, ಅರಸನ ಹೆಸರು ಇವುಗಳಿಂದ ಕಾಲವನ್ನು ಅಂದಾಜು ಮಾಡುವಾಗ ‘ಸುಮಾರು’ ಎಂದು ಬರೆಯುವುದು ಏಕೆಂಬುದು ಹೀಗೆ ಅರ್ಥವಾದ ತರಗತಿಯಲ್ಲಿ, ಪಠ್ಯಪುಸ್ತಕದ ಇಸವಿಗಳ ಮುಂದೆಯೂ ಒಬ್ಬ ಹುಡುಗಿ ಪೆನ್ಸಿಲಿನಿಂದ ‘ಸುಮಾರು?’ ಎಂದು ಗುರುತು ಹಾಕತೊಡಗಿದಳು. ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಹಾಗೆ ಬರೆದದ್ದಕ್ಕೆ ಅಂಕ ಕಳೆದುಕೊಂಡಳೆಂಬುದನ್ನೂ ಇಲ್ಲಿ ಹೇಳಬೇಕು.

ಕೆರೆಗಳ ಕುರಿತ ದತ್ತಿಶಾಸನಗಳು ಬೆಂಗಳೂರಿನ ಮಕ್ಕಳಿಗೆ ತಕ್ಷಣ ತಟ್ಟುತ್ತವೆ. ಕೆರೆ ಕಟ್ಟಿಸಿದವನಿಗೆ ಕೊಡುವ ಭೂಮಿ ಕಟ್ಟುಕೊಡಗಿ, ಕೆರೆಯ ದುರಸ್ತಿಗೆಂದು ಮೀಸಲಿಡುವ ಭೂಮಿ ಅಥವಾ ಬೆಳೆಯ ಪಾಲು ಬಿತ್ತುವಟ್ಟ ಎಂದು ವಿವರಿಸಿ, ಏರಿ, ತೂಬು, ಕೋಡಿ ಎಂಬ ಮಾತುಗಳನ್ನು ಕಲಿಸಿದ ಮೇಲೆ, ಧರ್ಮಾಂಬುಧಿ ಕೆರೆಯ ಅಂಗಳವೇ ಇಂದಿನ ಮೆಜೆಸ್ಟಿಕ್ ಬಸ್ ನಿಲ್ದಾಣವೆಂದೂ ಸಂಪಂಗಿ ಕೆರೆಯ ಜಾಗದಲ್ಲೇ ಕಂಠೀರವ ಕ್ರೀಡಾಂಗಣವಿದೆಯೆಂದೂ ಹೇಳಿದರೆ ಸಾಕು. ಭೂಮಾಪನ ಇಲಾಖೆಯ ಹಳೆಯ ಗ್ರಾಮ ನಕಾಶೆಯಲ್ಲಿ ತಮ್ಮ ಬಡಾವಣೆಯನ್ನು ಹುಡುಕಿದ ಮಕ್ಕಳಲ್ಲಿ ಕೆಲವರ ಮನೆ ರಾಜಕಾಲುವೆಯ ಮಗ್ಗುಲಿಗೇ ಬಂತು. ಮಳೆಗಾಲದಲ್ಲಿ ಅಡುಗೆಮನೆಗೆ ನೀರು ನುಗ್ಗುವುದು ಏಕೆಂದು ಅವರಿಗೆ ಬೇರೆ ಪಾಠ ಬೇಕಾಗಲಿಲ್ಲ.

ಪುಸ್ತಕದಲ್ಲಿ ಅಚ್ಚಾದ ಶಾಸನಗಳೆಲ್ಲ ಸ್ಥಳದಲ್ಲಿ ಸಿಗುತ್ತವೆಂದು ನಂಬಿ ಹೊರಟರೆ ನಿರಾಶೆ ಖಚಿತ. ಒಂದು ಕಲ್ಲು ರಸ್ತೆಯ ಡಾಂಬರಿನಡಿ ಸೇರಿರುತ್ತದೆ, ಇನ್ನೊಂದು ಬಟ್ಟೆ ಒಗೆಯುವ ಹಾಸಾಗಿರುತ್ತದೆ, ಮತ್ತೊಂದರ ಸುಳಿವೇ ಇರುವುದಿಲ್ಲ. ಮೊದಮೊದಲು ಇದನ್ನು ವಿಫಲ ಪ್ರವಾಸವೆಂದು ಎಣಿಸಲಾಗಿತ್ತು. ಕ್ರಮೇಣ, ಕಲ್ಲು ಕಾಣದಾದಾಗ ಅದರ ಪಾಠವನ್ನು ಉಳಿಸಿಕೊಂಡಿರುವುದು ಪುಸ್ತಕವೊಂದೇ ಎಂಬ ಅರಿವೇ ಸಂಘಗಳೂ ಗ್ರಂಥಾಲಯಗಳೂ ಏಕೆ ಇರಬೇಕೆಂಬ ಪ್ರಶ್ನೆಗೆ ಉತ್ತರವಾಗಿ ಒದಗಿತು. ಸಿಕ್ಕಿದ, ಸಿಗದ ಎರಡೂ ಬಗೆಯ ಕಲ್ಲುಗಳನ್ನು ತಾರೀಖು, ಸ್ಥಳದ ಗುರುತು, ಫೋಟೋ ಸಹಿತ ಶಾಲೆಯ ಒಂದು ದಾಖಲೆ ಪುಸ್ತಕದಲ್ಲಿ ಬರೆದಿಡುವ ಪದ್ಧತಿ ಆಗ ಆರಂಭವಾಯಿತು.

ಆ ದಾಖಲೆ ಪುಸ್ತಕದಲ್ಲಿ ಒಂದು ಪುಟ ಅರ್ಧ ಖಾಲಿಯಾಗಿದೆ. ಅದರಲ್ಲಿರುವ ವೀರಗಲ್ಲನ್ನು ಬಡಾವಣೆಯ ಜನ ದೇವರೆಂದು ಪೂಜಿಸುತ್ತಾರೆ. ಎಣ್ಣೆ ಕುಂಕುಮಗಳ ಪದರದಡಿ ಅಕ್ಷರಗಳಿರುವುದು ಬೆರಳಿಗೆ ತಿಳಿಯುತ್ತದೆ, ಕಣ್ಣಿಗೆ ಕಾಣುವುದಿಲ್ಲ. ತೊಳೆದು ಓದಲು ಅನುಮತಿ ಕೇಳಿದಾಗ ಅಲ್ಲಿ ಹೂ ಏರಿಸುತ್ತಿದ್ದ ಅಜ್ಜಿ, “ಓದೋದಕ್ಕೆ ನಿಮಗೆ ಬೇರೆ ಕಲ್ಲಿಲ್ಲವಾ ಮೇಷ್ಟ್ರೇ, ಇದು ನಮ್ಮನ್ನ ಕಾಯೋ ಕಲ್ಲು” ಎಂದರು. ಮಕ್ಕಳು ಅಳತೆ, ದಿಕ್ಕು, ಶಿಲ್ಪದ ವಿವರಗಳನ್ನು ಬರೆದುಕೊಂಡು, ಪಾಠ ಎಂಬ ಕಲಮಿನ ಎದುರು ‘ಪೂಜೆಯಲ್ಲಿದೆ’ ಎಂದು ಗುರುತು ಹಾಕಿ ಹಿಂದಿರುಗಿದರು. ಆ ಕಲ್ಲಿಗೆ ಮಂಗಳವಾರ, ಶುಕ್ರವಾರ ಈಗಲೂ ಎಣ್ಣೆ ಹಚ್ಚುತ್ತಾರೆ.