ಸಂತೆಯಲ್ಲಿ ಕಾಯಕದ ಪರೀಕ್ಷೆ

ಕಾಯಕವು ಎಲ್ಲಿ ಪೂರ್ಣವಾಗುತ್ತದೆ? ನೇಯುವವನದು ಮಗ್ಗದಲ್ಲಿ, ಉಳುವವನದು ಕಣದಲ್ಲಿ ಎಂದು ಮೇಲ್ನೋಟಕ್ಕೆ ತೋರಬಹುದು. ವಿಚಾರಿಸಿ ನೋಡಿದರೆ ಅದು ಪೂರ್ಣವಾಗುವುದು ಸಂತೆಯಲ್ಲಿ. ಮಾಡಿದ ವಸ್ತುವು ಬೇಕಾದವರ ಕೈಸೇರಿ, ಅದರ ನ್ಯಾಯವಾದ ಬೆಲೆಯು ಮಾಡಿದವನ ಕೈಸೇರಿದಾಗಲೇ ದಾಸೋಹಕ್ಕೆ ದ್ರವ್ಯವೊದಗುವುದು.

ಕಲಬುರಗಿಯ ಗಾಜಿಪುರದಿಂದ ಹೊರಟು ಕಮಲಾಪುರ, ಹುಮನಾಬಾದುಗಳ ಮಾರ್ಗವಾಗಿ ಸಾಗಿದರೆ ಬಸವಕಲ್ಯಾಣವನ್ನು ಸೇರಬಹುದು. ಈ ಸೀಮೆಯ ವಾರದ ಸಂತೆಗೆ ಹೋದವರು, ಬಯಲಿನಲ್ಲಿ ಗೋಣಿತಟ್ಟು ಹಾಸಿ ಕುಳಿತವರ ಮುಂದೆ ಜೋಳ, ತೊಗರಿಬೇಳೆ, ಮೆಣಸಿನಕಾಯಿ, ಕಮಲಾಪುರದ ಕೆಂಪು ಬಾಳೆ, ಹಗ್ಗ, ಬುಟ್ಟಿ, ಮೊರಗಳನ್ನು ಕಾಣುವರು. ಹನ್ನೆರಡನೆಯ ಶತಮಾನದ ಶರಣರೂ ಇಂತಹ ಕಾಯಕದವರೇ. ನುಲಿಯ ಚಂದಯ್ಯನವರು ಹುಲ್ಲು ಕೊಯ್ದು, ಹಗ್ಗ ಹೊಸೆದು ಮಾರಿದರು. ಮೇದಾರ ಕೇತಯ್ಯನವರು ಬಿದಿರನ್ನು ಸೀಳಿ ಬುಟ್ಟಿ ಮೊರಗಳನ್ನು ಹೆಣೆದರು.

ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಪತ್ನಿ ಲಕ್ಕಮ್ಮನವರು ಹೆಚ್ಚಾದುದನ್ನು ಮರಳಿ ಸುರಿದು ಬರುವಂತೆ ಹೇಳಿದ ಪ್ರಸಂಗವು ಸುಪ್ರಸಿದ್ಧವಾದುದು. ಬಡತನವು ದೋಷವಲ್ಲ, ಕಾಯಕವನ್ನು ಮೀರಿ ಬಂದುದೇ ದೋಷವೆಂಬುದು ಇದರ ತಾತ್ಪರ್ಯ.

ಈ ಸೂತ್ರವನ್ನು ತಕ್ಕಡಿಗೆ ಅನ್ವಯಿಸಿ ನೋಡೋಣ. 1956ರ ಕಾಯಿದೆಯ ಮೂಲಕ ಸೇರು ಮಣಗಳಿಗೆ ಬದಲಾಗಿ ಕಿಲೋಗ್ರಾಂ ಜಾರಿಗೆ ಬಂದಿತು. ತೂಕದ ಕಲ್ಲಿಗೆ ಸರ್ಕಾರದ ಮುದ್ರೆ ಬೀಳುತ್ತದೆ. ಆದರೆ ಕಾನೂನು ಕಲ್ಲನ್ನು ಪರೀಕ್ಷಿಸಬಲ್ಲುದಲ್ಲದೆ, ದಂಡಿಗೆಯನ್ನು ಹಿಡಿದ ಕೈಯನ್ನು ಸದಾ ಕಾಯಲಾರದು. ಅದನ್ನು ಕಾಯಬೇಕಾದುದು ಅಂತರಂಗದ ಅರಿವು.

ಈ ಪರೀಕ್ಷೆಯು ಮಾರುವವನಿಗೆ ಮಾತ್ರವೆಂದು ತಿಳಿಯಲಾಗದು. ಅಂಗಡಿಯಲ್ಲಿ ಪೊಟ್ಟಣದ ಮೇಲೆ ಅಚ್ಚಾದ ಬೆಲೆಯನ್ನು ನಾವು ಮರುಮಾತಿಲ್ಲದೆ ಕೊಡುವೆವು. ಸಂತೆಯಲ್ಲಿ ಮಾತ್ರ ಹೊತ್ತು ಮುಳುಗುವವರೆಗೆ ಕಾಯುವೆವು. ಸೊಪ್ಪು ಬಾಡುವುದು, ಮುದುಕಿಯು ದೂರದ ಹಳ್ಳಿಗೆ ಮರಳಬೇಕು, ಆದುದರಿಂದ ಅರ್ಧಬೆಲೆಗೂ ಕೊಟ್ಟಾಳೆಂಬುದು ನಮ್ಮ ಲೆಕ್ಕ. ಚೌಕಾಸಿ ಮಾಡುವುದು ಸಂತೆಯ ರೂಢಿಯೇ ಸರಿ. ಬೆಲೆಯನ್ನು ವಿಚಾರಿಸುವುದರಲ್ಲಿ ದೋಷವಿಲ್ಲ. ಅನ್ಯರ ಅಸಹಾಯತೆಯನ್ನು ತನ್ನ ಲಾಭಕ್ಕೆ ಎಣಿಸಿಕೊಳ್ಳುವುದೇ ದೋಷ. ಹಾಗೆ ಉಳಿಸಿದ ಹಣವು ಉಳಿತಾಯವಲ್ಲ. ಅದು ಆ ಮುದುಕಿಯ ಕಾಯಕದಿಂದ ನಾವು ಆಯ್ದು ತಂದ ಹೆಚ್ಚಿನ ಅಕ್ಕಿ.

ಶರಣಧರ್ಮವನ್ನು ಪೂಜಾಗೃಹದಲ್ಲಿ ಆಚರಿಸುವುದು ಸುಲಭ, ಸಂತೆಯಲ್ಲಿ ಆಚರಿಸುವುದು ಕಠಿಣ. ಚೀಲವನ್ನು ಮನೆಯಲ್ಲಿ ಇಳಿಸುವ ಮುನ್ನ ಅದನ್ನೊಮ್ಮೆ ಲಕ್ಕಮ್ಮನವರ ದೃಷ್ಟಿಯಿಂದ ನೋಡುವ ಅಭ್ಯಾಸವು ಸದ್ಭಕ್ತರೆಲ್ಲರಿಗೂ ಇರಲಿ.