ಉದ್ಯೋಗಕ್ಕೆ ಕಳುಹಿಸುವ ಮುನ್ನ ಸಂಸ್ಥೆಗಳ ಪರೀಕ್ಷೆ

ಬಿತ್ತನೆಗೆ ಮೊದಲು ಬೀಜವನ್ನು ಪರೀಕ್ಷಿಸುವುದು ಕುಂದಾಪುರ, ಬೈಂದೂರು ಮತ್ತು ಬ್ರಹ್ಮಾವರ ತಾಲೂಕುಗಳ ರೈತರಿಗೆ ಹೊಸತಲ್ಲ. ನೂರು ಭತ್ತದ ಕಾಳುಗಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಮೊಳೆತವುಗಳನ್ನು ಎಣಿಸಿದರೆ ಬೀಜದ ಗುಣವು ತಿಳಿಯುವುದು. ಆದರೆ ಮಗನನ್ನೋ ಮಗಳನ್ನೋ ದೂರದ ಸಂಸ್ಥೆಯ ಕೆಲಸಕ್ಕೆ ಕಳುಹಿಸುವಾಗ ಅಷ್ಟು ಮಾತ್ರದ ಪರೀಕ್ಷೆಯನ್ನೂ ಮಾಡದೆ, ಗದ್ದೆಯನ್ನು ಅಡವಿಟ್ಟು ಹಣ ತೆತ್ತು ಮೋಸಹೋಗುವ ಕುಟುಂಬಗಳುಂಟು. ಭೂಮಿಯೂ ಹೋಗಿ ಉದ್ಯೋಗವೂ ದೊರೆಯದ ಈ ದುಃಸ್ಥಿತಿಯನ್ನು ತಪ್ಪಿಸಲು ಗ್ರಾಮದ ಮುಖಂಡರೂ ಭೂಮಾಲಕರೂ ತಿಳಿದಿರತಕ್ಕ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಪೂರ್ವದಲ್ಲಿ ಈ ಸೀಮೆಯ ತರುಣರು ಬಹುಮಟ್ಟಿಗೆ ಊರವರೇ ನಡೆಸುತ್ತಿದ್ದ ಉಪಾಹಾರಗೃಹಗಳಿಗೆ ಹೋಗುತ್ತಿದ್ದರು. 1924ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಾವಳ್ಳಿ ಟಿಫಿನ್ ರೂಮ್ಸ್‌ನ ಸ್ಥಾಪಕರಾದ ಮಯ್ಯ ಸಹೋದರರು ಸಾಲಿಗ್ರಾಮದ ಬಳಿಯ ಪಾರಂಪಳ್ಳಿಯವರು. ಅಂತಹ ಕಡೆಗಳಲ್ಲಿ ಮಾಲಕರ ಮನೆತನದ ಪರಿಚಯವೇ ಸಾಕಷ್ಟು ಭದ್ರತೆಯಾಗಿತ್ತು. ಈಗ ದೂರವಾಣಿಗೆ ಬರುವ ಸಂದೇಶದ ಹಿಂದೆ ಯಾರಿರುವರೆಂಬುದು ತಿಳಿಯದು. ಆದುದರಿಂದ ಪರಿಚಯವಿಲ್ಲದೆಡೆಯಲ್ಲಿ ದಾಖಲೆಗಳನ್ನು ನೋಡುವುದು ಅವಶ್ಯಕವಾಗಿದೆ.

1. ಕಂಪೆನಿಗಳು: 2013ರ ಕಂಪೆನಿ ಕಾಯಿದೆಯ ಪ್ರಕಾರ ಪ್ರತಿಯೊಂದು ಕಂಪೆನಿಯೂ ತನ್ನ ಪತ್ರಗಳ ಮೇಲೆ ಹೆಸರು, ನೋಂದಾಯಿತ ಕಚೇರಿಯ ವಿಳಾಸ ಮತ್ತು 21 ಅಕ್ಷರಾಂಕಿಗಳ ಗುರುತುಸಂಖ್ಯೆಯನ್ನು ಮುದ್ರಿಸತಕ್ಕದ್ದು. ಈ ಸಂಖ್ಯೆಯ ಮೊದಲಲ್ಲಿ ‘ಎಲ್’ ಇದ್ದರೆ ಅದರ ಷೇರುಗಳು ಷೇರುಪೇಟೆಯಲ್ಲಿ ನಮೂದಾಗಿವೆಯೆಂದೂ, ‘ಯು’ ಇದ್ದರೆ ಆಗಿಲ್ಲವೆಂದೂ ಅರ್ಥ. ಅನಂತರ 5 ಅಂಕಿಗಳೂ, ರಾಜ್ಯವನ್ನು ಸೂಚಿಸುವ 2 ಅಕ್ಷರಗಳೂ, ಸ್ಥಾಪನೆಯ ವರ್ಷವೂ ಬರುವುವು. ಕರ್ನಾಟಕಕ್ಕೆ ‘ಕೆಎ’ ಎಂದಿರುವುದು. ಮೂವತ್ತು ವರ್ಷಗಳ ಅನುಭವವುಂಟೆಂದು ಹೇಳಿಕೊಳ್ಳುವ ಕಂಪೆನಿಯ ಸಂಖ್ಯೆಯಲ್ಲಿ ಕಳೆದ ವರ್ಷವೇ ಕಂಡುಬಂದರೆ ಕಾರಣವನ್ನು ಕೇಳಬೇಕು. ಕಂಪೆನಿ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಅದು ಚಾಲ್ತಿಯಲ್ಲಿದೆಯೋ, ಪಟ್ಟಿಯಿಂದ ತೆಗೆಯಲ್ಪಟ್ಟಿದೆಯೋ ಎಂಬುದನ್ನು ಯಾರೂ ನೋಡಬಹುದು.

ಏಕವ್ಯಕ್ತಿಯ ವ್ಯಾಪಾರಗಳೂ ಸಾಧಾರಣ ಪಾಲುದಾರಿಕೆಯ ಸಂಸ್ಥೆಗಳೂ ಈ ಪಟ್ಟಿಯಲ್ಲಿರುವುದಿಲ್ಲ. ಅಂತಹವುಗಳ ಜಿ.ಎಸ್.ಟಿ. ಸಂಖ್ಯೆಯನ್ನು ಪರಿಶೀಲಿಸಬಹುದು; ಕರ್ನಾಟಕದ ಸಂಖ್ಯೆಗಳು 29ರಿಂದ ಆರಂಭವಾಗುವುವು.

ಒಳ್ಳೆಯ ಕಂಪೆನಿಯ ಹೆಸರನ್ನು ಕದ್ದು ನಕಲಿ ಪತ್ರವನ್ನು ಕಳುಹಿಸುವವರೂ ಇದ್ದಾರೆ. ಪತ್ರದಲ್ಲಿ ಕೊಟ್ಟ ದೂರವಾಣಿಯಲ್ಲಿ ವಿಚಾರಿಸದೆ, ನೋಂದಾಯಿತ ಕಚೇರಿಯನ್ನೇ ಬೇರೆಯಾಗಿ ಸಂಪರ್ಕಿಸುವುದು ಕ್ಷೇಮ.

2. ಲಾಭೋದ್ದೇಶವಿಲ್ಲದ ಸಂಸ್ಥೆಗಳು: ಇವು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯಿದೆಯ ಕೆಳಗೆ ಸಂಘಗಳಾಗಿಯೋ, ಟ್ರಸ್ಟುಗಳಾಗಿಯೋ, ಕಂಪೆನಿ ಕಾಯಿದೆಯ 8ನೆಯ ಕಲಮಿನ ಕೆಳಗೋ ನಡೆಯುವುವು. ಇಲ್ಲಿ ಮುಖ್ಯವಾಗಿ ಕೇಳತಕ್ಕ ಪ್ರಶ್ನೆಯು ಸಂಬಳದ ಹಣವು ಎಲ್ಲಿಂದ ಬರುವುದೆಂಬುದು. ಮೂರು ವರ್ಷಗಳ ಯೋಜನೆಯ ಅನುದಾನದಿಂದ ಕೊಡುವ ಸಂಬಳವು ಯೋಜನೆಯೊಡನೆ ಮುಗಿಯಬಹುದು. ವಾರ್ಷಿಕ ವರದಿಯನ್ನೂ ಲೆಕ್ಕಪರಿಶೋಧಿತ ಆಯವ್ಯಯವನ್ನೂ ತೋರಿಸಲು ಹಿಂಜರಿಯುವ ಸಂಸ್ಥೆಯ ವಿಷಯದಲ್ಲಿ ಎಚ್ಚರಿಕೆ ವಹಿಸಬೇಕು. ತರಬೇತಿಯನ್ನು ಉದ್ಯೋಗವೆಂದು ಭಾವಿಸುವುದೂ ತಪ್ಪು. ಬ್ರಹ್ಮಾವರದ ರುಡ್‌ಸೆಟ್ ಸಂಸ್ಥೆಯು ಸ್ವಉದ್ಯೋಗಕ್ಕೆ ತರಬೇತಿ ಕೊಡುವುದೇ ಹೊರತು ಕಲಿತವರನ್ನು ಸಂಬಳಕ್ಕೆ ಇಟ್ಟುಕೊಳ್ಳುವುದಿಲ್ಲ.

3. ನಡವಳಿಕೆಯ ವಿಚಾರಣೆ: ನೋಂದಣಿಯು ಸಂಸ್ಥೆ ಇದೆಯೆಂಬುದಕ್ಕೆ ಸಾಕ್ಷಿಯೇ ಹೊರತು ಸಕಾಲದಲ್ಲಿ ಸಂಬಳ ಕೊಡುವುದೆಂಬುದಕ್ಕಲ್ಲ. ಇದನ್ನು ಜನರಿಂದಲೇ ತಿಳಿಯಬೇಕು. ಕೃಷಿ ವಿದ್ಯೆಯನ್ನು ಕಲಿತ ತರುಣರು ಬೀಜ, ಗೊಬ್ಬರಗಳ ಕಂಪೆನಿಗಳನ್ನು ಸೇರುವಾಗ ಭೂಮಾಲಕರ ಅನುಭವವು ಬಹಳ ಉಪಯುಕ್ತವಾದುದು. ಕಂಪೆನಿಯ ಪ್ರತಿನಿಧಿಯು ನಾಲ್ಕಾರು ತಿಂಗಳಿಗೊಮ್ಮೆ ಬದಲಾಗುತ್ತಿದ್ದರೆ, ಅಲ್ಲಿ ನೌಕರರು ನಿಲ್ಲುತ್ತಿಲ್ಲವೆಂದು ತಿಳಿಯಬಹುದು. ಬಾಕಿ ಪಾವತಿಯ ವಿಷಯವನ್ನು ಅಂಗಡಿಕಾರರು ಬಲ್ಲರು. ಈಗ ಕೆಲಸದಲ್ಲಿರುವ ಒಬ್ಬರನ್ನೂ ಬಿಟ್ಟುಬಂದ ಒಬ್ಬರನ್ನೂ ವಿಚಾರಿಸಿದರೆ ಸತ್ಯವು ಹೊರಬೀಳುವುದು.

4. ನೇಮಕಪತ್ರ ಮತ್ತು ಹಣ: 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳು ಲಿಖಿತ ನೇಮಕಪತ್ರವನ್ನು ಅವಶ್ಯಕಗೊಳಿಸಿವೆ. 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಯಲ್ಲಿ ಭವಿಷ್ಯನಿಧಿಯ ಏರ್ಪಾಡು ಇರತಕ್ಕದ್ದು. ಅದರ ವಿವರವನ್ನು ಮೊದಲೇ ಕೇಳಬೇಕು. ಕೆಲಸ ಕೊಡಿಸಲು ಠೇವಣಿ, ಸಮವಸ್ತ್ರದ ಹಣ, ಪರೀಕ್ಷಾಶುಲ್ಕ ಎಂದು ಯಾವ ಹೆಸರಿನಿಂದ ಕೇಳಿದರೂ ಕೊಡಕೂಡದು. ಮೂಲ ಪ್ರಮಾಣಪತ್ರಗಳನ್ನು ತೋರಿಸಬಹುದು, ಒತ್ತೆಯಿಡಬಾರದು. ದೂರವಾಣಿಯ ಮೂಲಕ ಹಣವು ವಂಚಕರ ಪಾಲಾದರೆ ವಿಳಂಬ ಮಾಡದೆ 1930ಕ್ಕೆ ಕರೆಮಾಡತಕ್ಕದ್ದು.

5. ವಿದೇಶದ ಉದ್ಯೋಗ: 1983ರ ವಲಸೆ ಕಾಯಿದೆಯ ಮೇರೆಗೆ ವಿದೇಶಕ್ಕೆ ಜನರನ್ನು ನೇಮಿಸುವ ಏಜೆಂಟರು ನೋಂದಣಿ ಪಡೆದಿರಬೇಕು. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕವು ತೆರಿಗೆಯ ಹೊರತು 30,000 ರೂಪಾಯಿಗಳನ್ನು ಮೀರಕೂಡದು. ಅದಕ್ಕೆ ರಶೀದಿಯನ್ನೂ ಕೊಡಬೇಕು. ಪ್ರವಾಸದ ವೀಸಾದ ಮೇಲೆ ಕಳುಹಿಸಿ, ಅಲ್ಲಿಗೆ ಹೋದ ಮೇಲೆ ಕೆಲಸದ ವೀಸಾ ಮಾಡಿಸುವೆವೆಂಬ ಮಾತನ್ನು ನಂಬಕೂಡದು.

ಗ್ರಾಮದ ಮುಖಂಡರು ತಮ್ಮ ಊರಿನಿಂದ ಯಾರು ಯಾವ ಸಂಸ್ಥೆಯಲ್ಲಿರುವರು, ಅಲ್ಲಿನ ಸ್ಥಿತಿಯೇನು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡಿಸಿದರೆ, ಮುಂದೆ ಹೋಗುವವರು ಅದನ್ನು ನೋಡಿ ಮುಂದುವರಿಯಬಹುದು. ಭೂಮಿಯ ಮೇಲೆ ಸಾಲ ಮಾಡಿ ಉದ್ಯೋಗವನ್ನು ಕೊಳ್ಳಲು ಹೊರಟ ಕುಟುಂಬವು ಕಂಡುಬಂದರೆ, ಮೇಲೆ ಹೇಳಿದ ವಿಚಾರಣೆಯು ಮುಗಿಯುವವರೆಗಾದರೂ ತಡೆಯುವಂತೆ ಬುದ್ಧಿ ಹೇಳುವುದು ಅವರ ಕರ್ತವ್ಯವಾಗಿದೆ.