ಎಳೆಸಸಿಯ ಅಡಗಿದ ಹಸಿವು

ಲೂಕನ ಸುವಾರ್ತೆಯ 13ನೇ ಅಧ್ಯಾಯದಲ್ಲಿ ಫಲಕೊಡದ ಅಂಜೂರ ಮರದ ಸಾಮ್ಯವುಂಟು. ಯಜಮಾನನು ಅದನ್ನು ಕಡಿಯಹೇಳಲು, ತೋಟಗಾರನು ಇನ್ನೊಂದು ವರುಷದ ಅವಧಿಯನ್ನು ಬೇಡಿಕೊಂಡು ಅದರ ಬುಡವನ್ನು ಆರೈಕೆ ಮಾಡಲು ಮುಂದಾದನು. ಬಡವಾದ ಗಿಡವನ್ನು ಕೀಳುವದಕ್ಕೆ ಮುಂಚೆ ಅದಕ್ಕೇನು ಕೊರತೆಯೆಂದು ವಿಚಾರಿಸುವದು ನಮಗೂ ಯುಕ್ತವಾಗಿದೆ.

ವಿಜಯಪುರ ಜಿಲ್ಲೆಯಲ್ಲಿ 2016ರಲ್ಲಿ ಕೋಟಿ ವೃಕ್ಷ ಅಭಿಯಾನವು ಆರಂಭವಾಯಿತು. ತಿಕೋಟಾ, ಬಬಲೇಶ್ವರ ಸೀಮೆಗಳಲ್ಲಿಯೂ ಸಸಿ ನೆಡುವವರು ಬಹಳ. ಆದರೆ ನೀರೂ ತಿಪ್ಪೆಗೊಬ್ಬರವೂ ಇದ್ದಾಗ್ಯೂ ಕೆಲವು ಸಸಿಗಳು ಹಳದಿಯಾಗಿ ಕುಗ್ಗಿ ನಿಲ್ಲುವದುಂಟು. ಬುಡದಲ್ಲಿ ನೀರು ನಿಂತಿದೆಯೋ ಎಂದು ಮೊದಲು ನೋಡಬೇಕು. ಅದಿಲ್ಲವಾದರೆ ಸತುವು, ಕಬ್ಬಿಣ ಮುಂತಾದ ಸೂಕ್ಷ್ಮ ಪೋಷಕಗಳ ಕೊರತೆಯಿರಬಹುದು. ಇವು ಅಲ್ಪವೇ ಸಾಕು. ಆದರೂ ಇವಿಲ್ಲದೆ ಸಸಿಯು ಬೆಳೆಯದು.

ನಮ್ಮ ಎರೆಭೂಮಿಯಲ್ಲಿ ಸುಣ್ಣವು ಹೆಚ್ಚು. ಆದದರಿಂದ ಕಬ್ಬಿಣವೂ ಸತುವೂ ಮಣ್ಣಿನೊಳಗೆ ಇದ್ದರೂ ಕರಗದೆ ಬಿಗಿದಿರುತ್ತವೆ. ಬೇರು ಅವನ್ನು ಹೀರಲಾರದು. ಎಳೆಯ ಎಲೆ ಹಳದಿಯಾಗಿ ನರಗಳು ಮಾತ್ರ ಹಸುರಾಗಿದ್ದರೆ ಕಬ್ಬಿಣದ ಕೊರತೆ. ಎಲೆಗಳು ಕಿರಿದಾಗಿ, ಗೆಣ್ಣುಗಳು ಹತ್ತಿರವಾಗಿ, ತುದಿಯಲ್ಲಿ ಗೊಂಚಲಾದರೆ ಸತುವಿನ ಕೊರತೆ. 1840ರ ದಶಕದಲ್ಲಿಯೇ ಫ್ರಾನ್ಸ್ ದೇಶದ ಗ್ರಿ ಎಂಬವನು ಹಳದಿಯಾದ ದ್ರಾಕ್ಷೆಯ ಎಲೆಗಳಿಗೆ ಕಬ್ಬಿಣದ ಲವಣದ ದ್ರಾವಣವನ್ನು ಹಚ್ಚಿ, ಅವು ಹಸುರಾಗುವದನ್ನು ತೋರಿಸಿದನು.

ಪರಿಹಾರವೇನಂದರೆ, ಸಸಿಚೀಲಕ್ಕೆ ಬರೀ ಎರೆಮಣ್ಣನ್ನು ತುಂಬದೆ ಕೆಂಪುಮಣ್ಣು 2 ಪಾಲು, ಮರಳು 1 ಪಾಲು, ಕಳಿತ ಗೊಬ್ಬರ 1 ಪಾಲು ಕೂಡಿಸಬೇಕು. ಸತುವಿನ ಕೊರತೆಗೆ 1 ಲೀಟರ್ ನೀರಿಗೆ 5 ಗ್ರಾಂ ಸತುವಿನ ಸಲ್ಫೇಟನ್ನೂ 2.5 ಗ್ರಾಂ ಅರಳಿದ ಸುಣ್ಣವನ್ನೂ ಬೆರಸಿ, ಸೋಸಿ, ತಂಪು ಹೊತ್ತಿನಲ್ಲಿ ಎಲೆಗಳಿಗೆ ಸಿಂಪಡಿಸುವ ವಾಡಿಕೆಯುಂಟು. ಮೊದಲು ನಾಲ್ಕೈದು ಸಸಿಗಳ ಮೇಲೆ ಪರೀಕ್ಷಿಸಿರಿ. ಯಾಕಂದರೆ ಹೆಚ್ಚಾದರೆ ಎಳೆಯೆಲೆ ಸುಟ್ಟೀತು. ರಂಜಕದ ಗೊಬ್ಬರವನ್ನು ಮಿತಿಮೀರಿ ಹಾಕಬಾರದು. ಅದು ಸತುವಿನ ಕೊರತೆಯನ್ನು ಹೆಚ್ಚಿಸುವದು.

ಸಹೋದರರೇ, ಆಹಾರವು ಹತ್ತಿರವಿದ್ದರೆ ಸಾಲದು, ಹೀರಿಕೊಳ್ಳುವ ರೂಪದಲ್ಲಿರಬೇಕು. ನಮ್ಮ ಮನೆಗಳಲ್ಲಿ ವೇದಪುಸ್ತಕವಿದ್ದರೂ ಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಅದನ್ನು ದಿನದಿನವೂ ಸ್ವಲ್ಪಸ್ವಲ್ಪವಾಗಿ ಕೊಡದಿದ್ದರೆ, ಅವರು ಭಂಡಾರದ ಮಧ್ಯದಲ್ಲಿಯೇ ಹಸಿದಿರುವರು. ಎಳೆತನದ ಕಾಲವು ಮತ್ತೆ ಬಾರದು. ಆದದರಿಂದ ಸಸಿಯನ್ನಾಗಲಿ ಕೂಸನ್ನಾಗಲಿ ದೂರುವದಕ್ಕೆ ಮುಂಚೆ ಅದರ ಹಸಿವನ್ನು ವಿಚಾರಿಸೋಣ.

ಪ್ರಶ್ನೆಗಳು: 1. ಎರೆಭೂಮಿಯಲ್ಲಿ ಸತುವು ಇದ್ದರೂ ಸಸಿಗೆ ದೊರೆಯದಿರುವದು ಯಾಕೆ? 2. ಕಬ್ಬಿಣದ ಕೊರತೆಯ ಗುರುತೇನು? 3. ನಮ್ಮ ಮನೆಯ ಮಕ್ಕಳಿಗೆ ದೇವರ ವಾಕ್ಯವನ್ನು ಯಾವ ರೀತಿಯಲ್ಲಿ ಕೊಡುತ್ತಿದ್ದೇವೆ?